ನೂರರ ಎಣಿಕೆ, ನೂರರ ಹಾರೈಕೆ: 'ಸೆಂಟಿನೇರಿಯನ್' ಪದದ ಹುಟ್ಟು ಮತ್ತು ಅರ್ಥ

ಯಾರ ವಿಷಯವನ್ನೋ ಮಾತನಾಡುತ್ತಿರುವಾಗ ಆ ವ್ಯಕ್ತಿಯೇ ಹೊಸ್ತಿಲಲ್ಲಿ ಕಾಣಿಸಿಕೊಂಡರೆ 'ನಿನಗ ನೂರು ವರ್ಷ ಆಯುಷ್ಯ ನೋಡಪಾ' ಎನ್ನುವುದು ಉತ್ತರ ಕರ್ನಾಟಕದ ಮನೆಮನೆಯ ಮಾತು. ಬೆಳಗಾವಿ ಜಿಲ್ಲೆಯ ರಾಯಬಾಗ ಸೀಮೆಯ ಪಾಲಬಾವಿಯಲ್ಲಿ ಈ ಮಾತನ್ನು ಕೇಳಿಸಿಕೊಳ್ಳುವವನು ಹತ್ತು ವರ್ಷದ ಹುಡುಗನಾಗಿರಬಹುದು, ಎಪ್ಪತ್ತು ದಾಟಿದ ಮುತ್ಯಾ ಆಗಿರಬಹುದು. ಆಡುವವರು ಯಾರ ವಯಸ್ಸನ್ನೂ ಎಣಿಸುತ್ತಿಲ್ಲ, ಹಾರೈಸುತ್ತಿದ್ದಾರೆ ಅಷ್ಟೆ.

ಇದೇ 'ನೂರು ವರ್ಷ' ಇಂಗ್ಲಿಷಿನಲ್ಲಿ 'ಸೆಂಟಿನೇರಿಯನ್' ಎಂಬ ಪದವಾದಾಗ ಅದರ ಸ್ವಭಾವವೇ ಬದಲಾಗುತ್ತದೆ. ಹತ್ತು ವರ್ಷದ ಹುಡುಗನಿಗೆ ಆ ಪದ ಸಲ್ಲದು. ತೊಂಬತ್ತೊಂಬತ್ತು ವರ್ಷ ಹನ್ನೊಂದು ತಿಂಗಳು ಪೂರೈಸಿದ ಅಜ್ಜಿಗೂ ಸಲ್ಲದು. ಒಂದು ನೂರು ವರ್ಷ ಪೂರ್ತಿ ತುಂಬಿದ ಮೇಲಷ್ಟೇ ಅದು ದಕ್ಕುತ್ತದೆ. ಕನ್ನಡ ಪತ್ರಿಕೆಗಳು ಇದಕ್ಕೆ ಸಮನಾಗಿ 'ಶತಾಯುಷಿ' ಎಂಬ ಪದವನ್ನು ಬಳಸುತ್ತಾ ಬಂದಿವೆ. ಮೇಲ್ನೋಟಕ್ಕೆ ಎರಡೂ ಒಂದೇ. ಬೇರನ್ನು ಕೆದಕಿದರೆ ಒಂದು ಎಣಿಕೆಯ ಪದ, ಇನ್ನೊಂದು ಹಾರೈಕೆಯ ಪದ. ಈ ವ್ಯತ್ಯಾಸ ನಿಘಂಟಿಗೆ ಮಾತ್ರ ಸೀಮಿತವಾದುದಲ್ಲ. ಹಿರಿಯ ಜೀವಗಳ ಪಿಂಚಣಿ, ಮತದಾನ, ದಾಖಲೆಗಳವರೆಗೂ ಅದು ಚಾಚಿಕೊಂಡಿದೆ.

ರೋಮನ್ನರ ಸಂಬಳದ ಶ್ರೇಣಿ

'ಸೆಂಟಿನೇರಿಯನ್' ಪದದ ಮೂಲ ಲ್ಯಾಟಿನ್ ಭಾಷೆಯ 'ಸೆಂಟೆನೇರಿಯಸ್'. ಅದರ ಹಿಂದೆ 'ಸೆಂಟೇನಿ' ಎಂಬ ಸಂಖ್ಯಾಪದವಿದೆ. 'ಸೆಂಟುಂ' ಎಂದರೆ ನೂರು. 'ಸೆಂಟೇನಿ' ಎಂದರೆ ತಲಾ ನೂರು, ಅಂದರೆ ಕನ್ನಡದ 'ನೂರ್ನೂರು' ಎಂಬ ದ್ವಿರುಕ್ತಿಗೆ ಸಮ. ನೂರು ಘಟಕಗಳುಳ್ಳ ಯಾವ ವಸ್ತುವನ್ನಾದರೂ ರೋಮನ್ನರು 'ಸೆಂಟೆನೇರಿಯಸ್' ಎನ್ನುತ್ತಿದ್ದರು. ಮನುಷ್ಯನ ಆಯುಸ್ಸಿಗೇ ಮೀಸಲಾದ ಪದ ಅದಾಗಿರಲಿಲ್ಲ.

ಸ್ವಾರಸ್ಯದ ಸಂಗತಿಯೆಂದರೆ, ರೋಮ್ ಸಾಮ್ರಾಜ್ಯದ ಆಡಳಿತದಲ್ಲಿ ಇದು ಸಂಬಳದ ಶ್ರೇಣಿಯ ಹೆಸರೂ ಆಗಿತ್ತು. ವರ್ಷಕ್ಕೆ ಒಂದು ಲಕ್ಷ 'ಸೆಸ್ಟರ್ಸ್' ನಾಣ್ಯಗಳ ವೇತನ ಪಡೆಯುವ ಅಧಿಕಾರಿ 'ಸೆಂಟೆನೇರಿಯಸ್'. ಅರವತ್ತು ಸಾವಿರ ಪಡೆಯುವವನು 'ಸೆಕ್ಸಾಜೆನೇರಿಯಸ್'. ಈ ಎರಡನೆಯ ಪದವೇ ಇಂಗ್ಲಿಷಿಗೆ ಬಂದು ಅರವತ್ತರ ಆಸುಪಾಸಿನವರನ್ನು ಸೂಚಿಸುವ 'ಸೆಕ್ಸಾಜೆನೇರಿಯನ್' ಆಯಿತು. ಎಪ್ಪತ್ತರಿಂದ ಎಪ್ಪತ್ತೊಂಬತ್ತರವರೆಗಿನವರು 'ಸೆಪ್ಚುವಜೆನೇರಿಯನ್', ಎಂಬತ್ತರ ದಶಕದವರು 'ಆಕ್ಟೊಜೆನೇರಿಯನ್', ತೊಂಬತ್ತರ ದಶಕದವರು 'ನಾನಾಜೆನೇರಿಯನ್'. ನೂರ ಹತ್ತು ವರ್ಷ ಪೂರೈಸಿದವರಿಗೆ 'ಸೂಪರ್ ಸೆಂಟಿನೇರಿಯನ್' ಎಂಬ ಇನ್ನೊಂದು ಮೆಟ್ಟಿಲಿದೆ. ಎಲ್ಲವೂ ಏಣಿಯ ಹಲಗೆಗಳಂತೆ ಜೋಡಿಸಿದ ಪದಗಳು. ವಯಸ್ಸನ್ನು ಅಳೆಯುವುದಷ್ಟೇ ಅವುಗಳ ಕೆಲಸ.

ಗೌರವದ ಭಾವನೆ ಬೇಕಾದಲ್ಲಿ ಲ್ಯಾಟಿನ್ ಬೇರೊಂದು ಬೇರಿನತ್ತ ಹೊರಳುತ್ತದೆ. ಅದು 'ಸೆನೆಕ್ಸ್', ಅಂದರೆ ಮುದುಕ. ಹಿರಿಯರ ಸಭೆ 'ಸೆನೆಟ್' ಆದದ್ದು, ವಯಸ್ಸಿನಲ್ಲಿ ಮೇಲಿನವರು 'ಸೀನಿಯರ್' ಆದದ್ದು ಅದರಿಂದಲೇ. ಸಂಸ್ಕೃತದ 'ಸನಾತನ' ಪದದ ಮೊದಲ ಭಾಗವೂ ಇದೇ ಮೂಲದ್ದು ಎಂಬುದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ.

ಒಂದೇ ತಾಯಿಯ ಮಕ್ಕಳು

ಲ್ಯಾಟಿನ್ನಿನ 'ಸೆಂಟುಂ' ಮತ್ತು ಸಂಸ್ಕೃತದ 'ಶತಂ' ಕೂಡ ಒಡಹುಟ್ಟಿದವು. ಪ್ರಾಚೀನ ಲ್ಯಾಟಿನ್ನಿನಲ್ಲಿ ಇದರ ಉಚ್ಚಾರ 'ಕೆಂಟುಂ'. ಮೂಲ ಇಂಡೋ-ಯೂರೋಪಿಯನ್ ಭಾಷೆಯ 'ಕ'ಕಾರದಂಥ ಒಂದು ಧ್ವನಿ ಪಶ್ಚಿಮದ ಶಾಖೆಗಳಲ್ಲಿ 'ಕ'ಕಾರವಾಗಿಯೇ ಉಳಿಯಿತು. ಭಾರತ ಮತ್ತು ಇರಾನಿನ ಶಾಖೆಗಳಲ್ಲಿ ಅದು 'ಶ', 'ಸ'ಕಾರಗಳಾಯಿತು. ಸಂಸ್ಕೃತದಲ್ಲಿ 'ಶತಂ', ಪ್ರಾಚೀನ ಇರಾನಿನ ಅವೆಸ್ತಾ ಭಾಷೆಯಲ್ಲಿ 'ಸತೆಂ'. ಈ ಬದಲಾವಣೆ ಎಷ್ಟು ಸ್ಪಷ್ಟವಾಗಿದೆಯೆಂದರೆ, ಆ ಭಾಷಾ ಕುಟುಂಬವನ್ನೇ 'ಕೆಂಟುಂ ವರ್ಗ' ಮತ್ತು 'ಸತೆಂ ವರ್ಗ' ಎಂದು ವಿಂಗಡಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ರೂಢಿಗೆ ಬಂತು. ನೂರು ಎಂಬ ಒಂದೇ ಪದ ಒಂದು ಶಾಸ್ತ್ರಕ್ಕೆ ಗಡಿಕಲ್ಲಾಯಿತು. ಇಂಗ್ಲಿಷಿನ ಸ್ವಂತ ಪದವಾದ 'ಹಂಡ್ರೆಡ್' ಕೂಡ ಇದೇ ಮೂಲದ್ದು. ಜರ್ಮಾನಿಕ್ ಭಾಷೆಗಳಲ್ಲಿ ಆರಂಭದ 'ಕ'ಕಾರ 'ಹ'ಕಾರವಾಗುವ ನಿಯಮವಿದೆ.

ಹೀಗೆ ಕನ್ನಡಿಗರ ದಿನಬಳಕೆಯಲ್ಲಿ ಒಂದೇ ಬೇರಿನ ಹಲವು ಕವಲುಗಳು ಕೂಡಿಬಿಟ್ಟಿವೆ. ಸಂಸ್ಕೃತದಿಂದ 'ಶತಕ', 'ಶತಮಾನ' ಬಂದವು. ಲೆಕ್ಕಪತ್ರದ 'ಶೇಕಡಾ' ಕೂಡ 'ಶತ'ದ ಸಂತತಿಯೇ. ಗಡಿಭಾಗದ ಮರಾಠಿಯಲ್ಲೂ ಈ ಪದವಿದೆ. ಇಂಗ್ಲಿಷಿನಿಂದ 'ಪರ್ಸೆಂಟ್', 'ಸೆಂಟಿಮೀಟರ್', ಕ್ರಿಕೆಟ್ಟಿನ 'ಸೆಂಚುರಿ' ಬಂದವು. ಎಕರೆಯ ನೂರನೇ ಒಂದು ಭಾಗವನ್ನು ಕರಾವಳಿಯವರು 'ಸೆಂಟ್ಸ್' ಎನ್ನುತ್ತಾರೆ. ಬೆಳಗಾವಿಯವರಿಗೆ ಗುಂಟೆಯೇ ಲೆಕ್ಕ.

ಈ ಕುಟುಂಬಕ್ಕೆ ಸೇರದ ಪದವೆಂದರೆ ಕನ್ನಡದ ಸ್ವಂತ 'ನೂರು'. ಅದರ ಬಂಧುಗಳು ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳಲ್ಲಿವೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ನಂಟನ್ನು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದರು. ದಕ್ಷಿಣದ ಭಾಷೆಗಳದು ಪ್ರತ್ಯೇಕ ಕುಟುಂಬವೆಂದು ಎಫ್. ಡಬ್ಲ್ಯೂ. ಎಲಿಸ್ 1816ರಲ್ಲಿ ತೋರಿಸಿದರು. ರಾಬರ್ಟ್ ಕಾಲ್ಡ್‌ವೆಲ್ 1856ರ ತಮ್ಮ ಗ್ರಂಥದಲ್ಲಿ ಅದನ್ನು ವಿಸ್ತಾರವಾಗಿ ಸ್ಥಾಪಿಸಿದರು.

ಹಾರೈಕೆ ಮತ್ತು ಹಣ್ಣು

ಸಂಸ್ಕೃತದಲ್ಲಿ 'ಶತಾಯುಃ' ಎಂದರೆ ನೂರು ವರ್ಷದ ಆಯುಸ್ಸುಳ್ಳವನು. ಕನ್ನಡವು ಕೊನೆಗೊಂದು ಇಕಾರವನ್ನು ಸೇರಿಸಿಕೊಂಡು 'ಶತಾಯುಷಿ' ಎಂದು ಮಾಡಿಕೊಂಡಿತು. ಆದರೆ ಪದದ ಹಳೆಯ ಬಳಕೆ ವರದಿಯದ್ದಲ್ಲ, ಆಶೀರ್ವಾದದ್ದು. ವೇದಕಾಲದ ಪ್ರಾರ್ಥನೆಗಳಲ್ಲಿ ನೂರು ಶರತ್ಕಾಲಗಳನ್ನು ಕಾಣುವ ಆಸೆ ಮತ್ತೆ ಮತ್ತೆ ಬರುತ್ತದೆ. ಇಂದಿಗೂ ಪುರೋಹಿತರು ಅಕ್ಷತೆ ಹಾಕುವಾಗ ನೂರು ವರ್ಷದ ಆಯುಸ್ಸನ್ನೇ ಕೋರುತ್ತಾರೆ. ಅಲ್ಲಿ ನೂರು ಎಂದರೆ ತುಂಬು ಬಾಳು. ಮದುವೆಯ ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಹಿಂದೆ 'ಚಿ.' ಎಂದು ಅಚ್ಚಾಗುವುದೂ ಇದೇ ಭಾವದಿಂದ. 'ಚಿರಂಜೀವಿ' ಎಂಬ ದೀರ್ಘಾಯುಸ್ಸಿನ ಪದ ಇಪ್ಪತ್ತೈದರ ಹುಡುಗನಿಗೇ ಮೊದಲು ಸಲ್ಲುತ್ತದೆ. ಬದುಕಿ ತೋರಿಸಿದ ಮೇಲೆ ಇಂಗ್ಲಿಷ್ ಪದ ಸಿಗುತ್ತದೆ. ಬದುಕಲಿ ಎಂದು ನಮ್ಮ ಪದವನ್ನು ಮುಂಚಿತವಾಗಿಯೇ ಕೊಡುತ್ತಾರೆ.

ಎಣಿಕೆಯ ಸಂಸ್ಕಾರಗಳು ನಮ್ಮಲ್ಲಿ ಇಲ್ಲವೆಂದಲ್ಲ. ಅರವತ್ತಕ್ಕೆ ಷಷ್ಟ್ಯಬ್ದಿ, ಎಪ್ಪತ್ತಕ್ಕೆ ಭೀಮರಥ ಶಾಂತಿ, ಎಂಬತ್ತು ದಾಟಿದ ಮೇಲೆ ಸಹಸ್ರಚಂದ್ರದರ್ಶನ ನಡೆಯುತ್ತವೆ. ಈ ಕೊನೆಯದು ನಿಖರವಾದ ಲೆಕ್ಕವೇ ಹೌದು. ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಗೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಸಾವಿರ ಹುಣ್ಣಿಮೆಗಳಿಗೆ ಸುಮಾರು 29,530 ದಿನಗಳಾಗುತ್ತವೆ, ಅಂದರೆ ಎಂಬತ್ತು ವರ್ಷ ಹತ್ತು ತಿಂಗಳು. ಜನನ ಪ್ರಮಾಣಪತ್ರವಿಲ್ಲದ ಕಾಲದಲ್ಲಿ ಚಂದ್ರನೇ ಸಾಕ್ಷಿ.

ಅಚ್ಚಗನ್ನಡದ ದೃಷ್ಟಿ ಮೂರನೆಯದು. ಮುಪ್ಪು, ಮುದಿ, ಮುದುಕ, ಮುತ್ತಜ್ಜ, ಇವೆಲ್ಲ ಒಂದೇ ದ್ರಾವಿಡ ಬೇರಿನ ಪದಗಳು. ತಮಿಳಿನಲ್ಲಿ ಅದೇ ಬೇರಿನ 'ಮುದಿರ್' ಎಂಬ ಕ್ರಿಯಾಪದಕ್ಕೆ ಬಲಿಯುವುದು, ಮಾಗುವುದು ಎಂಬ ಅರ್ಥವೂ ಇದೆ. ತೀರಾ ವಯಸ್ಸಾದವರನ್ನು ಕನ್ನಡಿಗರು 'ಹಣ್ಣು ಹಣ್ಣು ಮುದುಕ' ಎನ್ನುವಾಗ ಬೇರಿನ ಆ ಹಳೆಯ ಅರ್ಥವೇ ಮತ್ತೆ ಚಿಗುರಿದಂತೆ ಕಾಣುತ್ತದೆ. ಲ್ಯಾಟಿನ್ ಎಣಿಸಿತು, ಸಂಸ್ಕೃತ ಹಾರೈಸಿತು, ಕನ್ನಡ ಮಾಗಿದ್ದನ್ನು ಕಂಡಿತು.

ನಿಘಂಟುಕಾರರ ನೂರು

ಈ ಪದಗಳ ಏಣಿಯನ್ನು ಸ್ವತಃ ಏರಿದ ಕನ್ನಡಿಗರ ಸಾಲಿನಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರ ಉದಾಹರಣೆ ಬಹಳ ಒಪ್ಪುವಂಥದು. ಪದಗಳ ಅರ್ಥ ಹೇಳುವುದನ್ನೇ ಬಾಳಿನ ಕಾಯಕ ಮಾಡಿಕೊಂಡಿದ್ದ ಅವರು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನ ಪ್ರಧಾನ ಸಂಪಾದಕರು. 'ಇಗೋ ಕನ್ನಡ' ಅಂಕಣದ ಮೂಲಕ ಮನೆಮಾತಾದವರು. ಹುಟ್ಟಿದ್ದು 1913ರ ಆಗಸ್ಟ್ 23ರಂದು. 2011ರಲ್ಲಿ ಬೆಂಗಳೂರಿನ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದಾಗ ಅವರಿಗೆ 97 ವರ್ಷ. ಇಂಗ್ಲಿಷ್ ಲೆಕ್ಕದಲ್ಲಿ ಆಗ ಅವರು 'ನಾನಾಜೆನೇರಿಯನ್'. 2012ರ ಆಗಸ್ಟ್ 23ರಂದು ನೂರನೆಯ ವರ್ಷಕ್ಕೆ ಕಾಲಿಟ್ಟರು, ಆದರೆ 'ಸೆಂಟಿನೇರಿಯನ್' ಆದದ್ದು 2013ರ ಅದೇ ದಿನ, ನೂರು ತುಂಬಿದಾಗ. 2017ರಲ್ಲಿ ಪದ್ಮಶ್ರೀ ಬಂತು. 2021ರ ಏಪ್ರಿಲ್ 19ರಂದು ನಿಧನರಾದಾಗ 107 ವರ್ಷ.

'ನೂರನೆಯ ವರ್ಷ' ಮತ್ತು 'ನೂರು ವರ್ಷ' ಇವೆರಡರ ನಡುವೆ ಹನ್ನೆರಡು ತಿಂಗಳ ಅಂತರವಿದೆ. ಸುದ್ದಿಮನೆಗಳಲ್ಲಿ ಪದೇ ಪದೇ ಆಗುವ ಎಡವಟ್ಟು ಇಲ್ಲಿಯೇ. 'ಶತಾಯುಷಿಯಾದರು' ಎಂಬ ಶೀರ್ಷಿಕೆಯ ಕೆಳಗೆ '99 ವರ್ಷ ಪೂರೈಸಿದ' ಎಂಬ ಸಾಲು ಬಂದರೆ ಎಣಿಕೆಯೂ ಹಾರೈಕೆಯೂ ಬೆರೆತುಹೋಗುತ್ತವೆ.

ದಾಖಲೆಗಳು ಒಮ್ಮತ ಹೇಳದಿರುವುದೂ ಉಂಟು. ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮವರ್ಷ ಕೆಲವು ಆಕರಗಳಲ್ಲಿ 1860, ಮತ್ತೆ ಕೆಲವುಗಳಲ್ಲಿ 1861. ಅಂಚೆ ಇಲಾಖೆ ಅವರ ಶತಮಾನೋತ್ಸವದ ಅಂಚೆಚೀಟಿಯನ್ನು 1960ರ ಸೆಪ್ಟೆಂಬರ್ 15ರಂದು, ಅವರ ಜೀವಿತಕಾಲದಲ್ಲೇ ಹೊರತಂದಿತು. 1962ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಎರಡೂ ಲೆಕ್ಕದಲ್ಲಿ ನೂರು ದಾಟಿತ್ತು. ನಾಡೇ ಬಲ್ಲ ಎಂಜಿನಿಯರ್ ಒಬ್ಬರ ವಿಷಯದಲ್ಲೇ ಒಂದು ವರ್ಷದ ಹೆಚ್ಚುಕಡಿಮೆ ಇದ್ದರೆ, ಸಾಮಾನ್ಯರ ಪಾಡೇನು?

ಇನ್ನೂ ಮೇಲಿನ ಮೆಟ್ಟಿಲಿಗೆ ತುಮಕೂರಿನ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಸ್ವಾಮೀಜಿಯವರನ್ನು ನೆನೆಯಬಹುದು. 1907ರ ಏಪ್ರಿಲ್ 1ರಂದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿದ ಅವರು 2019ರ ಜನವರಿ 21ರಂದು ಲಿಂಗೈಕ್ಯರಾದಾಗ 111 ವರ್ಷ. 'ಸೂಪರ್ ಸೆಂಟಿನೇರಿಯನ್' ಎಂಬ ಪದಕ್ಕೆ ಕನ್ನಡದಲ್ಲಿ ರೂಢಿಯ ಪರ್ಯಾಯವಿಲ್ಲ. ಭಕ್ತರು ಅವರನ್ನು 'ನಡೆದಾಡುವ ದೇವರು' ಎಂದೇ ಕರೆದರು.

ಊರಿನ ಲೆಕ್ಕ, ಕಾಗದದ ಲೆಕ್ಕ

ಎಣಿಕೆಯ ಪದಕ್ಕೆ ಪುರಾವೆ ಬೇಕು. ಹಳ್ಳಿಗಳಲ್ಲಿ ತೊಡಕು ಹುಟ್ಟುವುದು ಇಲ್ಲಿಯೇ.

1920ರ ದಶಕದಲ್ಲಿ ಪಾಲಬಾವಿಯ ಸುತ್ತಿನ ಸೀಮೆಯಲ್ಲಿ ಹುಟ್ಟಿದ ಒಂದು ಹೆಣ್ಣುಮಗುವನ್ನು ಊಹಿಸಿಕೊಳ್ಳಬಹುದು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಇಂದಿನ ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ಸಂಸ್ಥಾನಗಳ ಹಳ್ಳಿಗಳೂ ಬ್ರಿಟಿಷ್ ಆಡಳಿತದ ಹಳ್ಳಿಗಳೂ ಒಂದರ ಮಗ್ಗುಲಲ್ಲಿ ಒಂದು ಹರಡಿಕೊಂಡಿದ್ದವು. ಸಂಸ್ಥಾನದ ದಫ್ತರು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ. ಕೊಲ್ಹಾಪುರ 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು. ಅದೇ ಮನೆಯ ಅದೇ ಕಟ್ಟೆಯ ಮೇಲೆ ಕುಳಿತಿದ್ದ ಆ ಜೀವ ಸರಕಾರಗಳ ಹೆಸರು ಬದಲಾಗುವುದನ್ನು ಮತ್ತೆ ಮತ್ತೆ ಕಂಡಿತು. ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಗುವಿನ ಜನ್ಮದಿನ ಈ ಯಾವ ದಫ್ತರಿನಲ್ಲಿಯೂ ದಾಖಲಾಗದೆ ಉಳಿದಿರುವ ಸಾಧ್ಯತೆಯೇ ಹೆಚ್ಚು.

ಊರಿನ ಲೆಕ್ಕ ಬೇರೆಯೇ ಇತ್ತು. ಶಾಹೂ ಮಹಾರಾಜರು ತೀರಿಕೊಂಡ ವರ್ಷ, ಎಂದರೆ 1922. ಗಾಂಧೀಜಿ ಹತ್ಯೆಯಾದ ವರ್ಷ, ಎಂದರೆ 1948. ಕೊಯ್ನಾ ಭೂಕಂಪದಲ್ಲಿ ನೆಲ ನಡುಗಿದ ವರ್ಷ, ಎಂದರೆ 1967. ಆಮೇಲಿನದು 1972ರ ಬರ. 'ಆಗ ನಾನು ಎಮ್ಮೆ ಕಾಯುವಷ್ಟು ದೊಡ್ಡವಳಿದ್ದೆ', 'ಆಗ ನನ್ನ ಹಿರಿಮಗ ತೊಟ್ಟಿಲಲ್ಲಿದ್ದ' ಎಂಬ ಮಾತಿನಿಂದ ವಯಸ್ಸನ್ನು ಹೊಂದಿಸಬೇಕು. ಇಂಥ ಲೆಕ್ಕ ಎರಡು-ಮೂರು ವರ್ಷ ಆಚೀಚೆಯಾಗಬಹುದು, ಆದರೆ ಆಧಾರರಹಿತವಲ್ಲ. ಜನಗಣತಿಯವರೂ ವಯಸ್ಸು ಹೇಳಲಾಗದವರನ್ನು ಇಂಥ ಘಟನೆಗಳ ನೆರವಿನಿಂದಲೇ ವಿಚಾರಿಸುತ್ತಾರೆ.

ಕಾಗದದ ಲೆಕ್ಕದ ಕಥೆ ಇನ್ನೊಂದು ಬಗೆ. ಜನನ-ಮರಣ ನೋಂದಣಿಯನ್ನು ದೇಶದಾದ್ಯಂತ ಏಕರೂಪವಾಗಿ ಕಡ್ಡಾಯಗೊಳಿಸಿದ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ಅನೇಕರ ಜನ್ಮದಿನ ಶಾಲೆಗೆ ಸೇರಿಸಿದ ಮಾಸ್ತರರ ಲೇಖನಿಯಿಂದ ಬಂದದ್ದು. ಒಂದೊಂದು ತಲೆಮಾರಿನಲ್ಲಿ ಇಡೀ ತರಗತಿಯೇ ಜೂನ್ 1ರಂದು ಹುಟ್ಟಿದಂತೆ ದಾಖಲಾಗಿರುವುದು ರಾಜ್ಯದವರೆಲ್ಲ ಬಲ್ಲ ತಮಾಷೆ. ಶಾಲೆಗೇ ಹೋಗದವರಿಗೆ ಮತದಾರರ ಗುರುತಿನ ಚೀಟಿ ಅಥವಾ ಆಧಾರ್ ಮಾಡಿಸಿದ ದಿನ ಬಾಯಿಮಾತಿನಲ್ಲಿ ಹೇಳಿದ ವಯಸ್ಸೇ ಜನ್ಮವರ್ಷವಾಯಿತು. ಕೇಳಿದವರು ಅರವತ್ತು, ಎಪ್ಪತ್ತು, ಎಂಬತ್ತು ಎಂಬ ದುಂಡು ಸಂಖ್ಯೆಗಳನ್ನೇ ಬರೆದುಕೊಂಡರು.

ಅಂಕಿಗಳಲ್ಲಿ ಇದರ ನೆರಳು ಕಾಣುತ್ತದೆ. 2011ರ ಜನಗಣತಿಯಲ್ಲಿ ನೂರು ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸು ಹೇಳಿಕೊಂಡವರು ದೇಶದಲ್ಲಿ ಸುಮಾರು ಆರು ಲಕ್ಷ. ವಿಶ್ವಸಂಸ್ಥೆಯ ಜನಸಂಖ್ಯಾ ಅಂದಾಜು 2015ರಲ್ಲಿ ಭಾರತಕ್ಕೆ ಕೊಟ್ಟದ್ದು ಸುಮಾರು 27 ಸಾವಿರ. ಕರ್ನಾಟಕದ 2023ರ ವಿಧಾನಸಭಾ ಚುನಾವಣೆಗೆ ಮುನ್ನ ಚುನಾವಣಾ ಆಯೋಗ ತಿಳಿಸಿದಂತೆ ರಾಜ್ಯದ ಮತದಾರರ ಪಟ್ಟಿಯಲ್ಲಿ ನೂರು ದಾಟಿದವರು 16,976 ಮಂದಿ. ಆ ಚುನಾವಣೆಯಲ್ಲಿ ಎಂಬತ್ತು ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ದೊರೆಯಿತು. 2024ರಲ್ಲಿ ಅದರ ವಯೋಮಿತಿ ಎಂಬತ್ತೈದಕ್ಕೆ ಏರಿತು.

ನೂರು ಎಂಬ ಸಂಶಯ

ವಯಸ್ಸನ್ನು ಹಿಗ್ಗಿಸುವುದು ಭಾರತದ ಹಳ್ಳಿಗಳ ದೋಷವೆಂದು ಭಾವಿಸಬೇಕಿಲ್ಲ. ಇಂಗ್ಲೆಂಡಿನ ಥಾಮಸ್ ಪಾರ್ ಎಂಬಾತ 152 ವರ್ಷ ಬದುಕಿದನೆಂದು ನಂಬಿ 1635ರಲ್ಲಿ ಅವನನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ರಾಜಮರ್ಯಾದೆಯಿಂದ ಹೂಳಿದರು. ರಕ್ತಪರಿಚಲನೆಯನ್ನು ವಿವರಿಸಿದ ವಿಲಿಯಂ ಹಾರ್ವೆಯೇ ಅವನ ಶವಪರೀಕ್ಷೆ ನಡೆಸಿದ್ದ. ಇಂಥ ಕಥೆಗಳನ್ನೆಲ್ಲ 1873ರಲ್ಲಿ ಪುಸ್ತಕವೊಂದರಲ್ಲಿ ಒರೆಗೆ ಹಚ್ಚಿದವರು ವಿಲಿಯಂ ಥಾಮ್ಸ್. 1846ರಲ್ಲಿ 'ಫೋಕ್‌ಲೋರ್' ಎಂಬ ಪದವನ್ನು ಟಂಕಿಸಿದವರೂ ಇವರೇ. ಜನರ ಮಾತನ್ನು ಪ್ರೀತಿಯಿಂದ ಸಂಗ್ರಹಿಸಿದ ವ್ಯಕ್ತಿಯೇ ವಯಸ್ಸಿನ ವಿಷಯದಲ್ಲಿ ಜನರ ಮಾತು ಸಾಲದು, ದಾಖಲೆ ಬೇಕು ಎಂದದ್ದು ಗಮನಾರ್ಹ.

ದಾಖಲೆಗಳಿಗೆ ಹೆಸರಾದ ಜಪಾನಿನಲ್ಲೂ 2010ರಲ್ಲಿ ಮುಜುಗರವಾಯಿತು. ಟೋಕಿಯೋದ ಅತ್ಯಂತ ಹಿರಿಯ ಪುರುಷ ಎನಿಸಿದ್ದ 111 ವರ್ಷದ ವ್ಯಕ್ತಿ ಸುಮಾರು ಮೂವತ್ತು ವರ್ಷಗಳ ಹಿಂದೆಯೇ ತೀರಿಕೊಂಡಿದ್ದು ಬೆಳಕಿಗೆ ಬಂತು. ಕುಟುಂಬ ಪಿಂಚಣಿಯನ್ನು ಪಡೆಯುತ್ತಲೇ ಇತ್ತು. ತಪಾಸಣೆಯಲ್ಲಿ, ಕುಟುಂಬ ದಫ್ತರುಗಳಲ್ಲಿ ಇನ್ನೂ ಜೀವಂತವಾಗಿದ್ದು ಪತ್ತೆಯೇ ಇಲ್ಲದ ನೂರು ದಾಟಿದವರ ಸಂಖ್ಯೆ 2.34 ಲಕ್ಷ ಎಂದು ತಿಳಿಯಿತು. ಆದರೂ ಜಪಾನಿನ ನಿಜವಾದ ಸಾಧನೆ ಕಡಿಮೆಯದಲ್ಲ. 1963ರಲ್ಲಿ 153 ಇದ್ದ ನೂರು ದಾಟಿದವರ ಸಂಖ್ಯೆ 2025ರ ಸೆಪ್ಟೆಂಬರಿನಲ್ಲಿ 99,763 ತಲುಪಿತು. ಜಗತ್ತಿನಲ್ಲಿ ದಾಖಲೆಸಹಿತ ಅತಿ ದೀರ್ಘಕಾಲ ಬದುಕಿದವರು ಫ್ರಾನ್ಸಿನ ಜೀನ್ ಕಾಲ್ಮಾ. 1997ರಲ್ಲಿ ನಿಧನರಾದ ಅವರ ಆಯುಸ್ಸು 122 ವರ್ಷ 164 ದಿನ.

ಅಂಕಿಯ ಬೆಲೆ

ರೋಮನ್ನರ 'ಸೆಂಟೆನೇರಿಯಸ್' ಹಣದ ಪದವಾಗಿತ್ತಷ್ಟೆ. ಇಂದಿನ ಪಿಂಚಣಿ ನಿಯಮಗಳನ್ನು ಓದಿದರೆ ಆ ಹಳೆಯ ಅರ್ಥ ಮರಳಿ ಬಂದಂತೆ ತೋರುತ್ತದೆ. ಕೇಂದ್ರ ಸರಕಾರದ ನಿವೃತ್ತರಿಗೆ ಎಂಬತ್ತು ತುಂಬಿದಾಗ ಮೂಲ ಪಿಂಚಣಿಯ ಶೇ. 20ರಷ್ಟು ಹೆಚ್ಚುವರಿ ಮೊತ್ತ ಸೇರುತ್ತದೆ. ಎಂಬತ್ತೈದಕ್ಕೆ ಶೇ. 30, ತೊಂಬತ್ತಕ್ಕೆ ಶೇ. 40, ತೊಂಬತ್ತೈದಕ್ಕೆ ಶೇ. 50. ನೂರು ತುಂಬಿದರೆ ಶೇ. 100, ಅಂದರೆ ಮೂಲ ಪಿಂಚಣಿ ದುಪ್ಪಟ್ಟು. ಬಡವರಿಗಾಗಿ ಇರುವ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲೂ ಎಂಬತ್ತೇ ಗಡಿ. ಕೇಂದ್ರದ ಪಾಲು ಅಲ್ಲಿಯವರೆಗೆ ತಿಂಗಳಿಗೆ 200 ರೂಪಾಯಿ, ಆಮೇಲೆ 500 ರೂಪಾಯಿ.

ನೌಕರಿಯಲ್ಲಿದ್ದವರಿಗೆ ಸೇವಾ ಪುಸ್ತಕವಿದೆ, ಅದರಲ್ಲಿ ಜನ್ಮದಿನವಿದೆ. ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡಿದ ಅಜ್ಜಿಗೆ ಅದಿಲ್ಲ. ಎಂಬತ್ತೈದು ದಾಟಿದ ಜೀವಕ್ಕೆ ಕಾಗದದಲ್ಲಿ ಎಪ್ಪತ್ತೆಂಟೇ ಇದ್ದರೆ ಸಲ್ಲಬೇಕಾದದ್ದು ತಡೆಯುತ್ತದೆ. ಅದೇ ಕಾಗದ ನೂರ ಹತ್ತು ಎಂದರೆ ಸಂಶಯಕ್ಕೆ ದಾರಿ. ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ, ವಯಸ್ಸಿನ ನಿರ್ಣಯಕ್ಕೆ ಆಧಾರ್‌ಗಿಂತ ಶಾಲಾ ದಾಖಲೆಯಲ್ಲಿನ ಜನ್ಮದಿನವೇ ಹೆಚ್ಚು ವಿಶ್ವಾಸಾರ್ಹ ಎಂದಿದೆ. ತಿದ್ದುಪಡಿಯಾದ ನೋಂದಣಿ ಕಾಯ್ದೆಯಂತೆ 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ ಮುಂತಾದವಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಆ ಮಕ್ಕಳಲ್ಲಿ ನೂರು ತುಂಬುವವರ ವಯಸ್ಸನ್ನು 2123ರಲ್ಲಿ ಯಾರೂ ಪ್ರಶ್ನಿಸಲಾರರು. ಶಾಲೆಯನ್ನೂ ಕಾಣದ, ನೋಂದಣಿಯನ್ನೂ ಕಾಣದ ಇಂದಿನ ಹಿರಿಯರಿಗೆ ಮಾತ್ರ ಎರಡು ಬಾಗಿಲುಗಳೂ ದೂರ.

ಆದ್ದರಿಂದ ಮನೆಯಲ್ಲಿ ಹಿರಿಯರಿದ್ದವರು ಅವರ ನೆನಪು ಸ್ಪಷ್ಟವಾಗಿರುವಾಗಲೇ ವಿಚಾರಿಸಿ ಬರೆದಿಟ್ಟುಕೊಳ್ಳುವುದು ಲೇಸು. ಯಾವ ಬರದಲ್ಲಿ ಎಷ್ಟು ದೊಡ್ಡವರಿದ್ದರು, ಮದುವೆ ಯಾವ ವರ್ಷ, ಮೊದಲ ಮಗು ಹುಟ್ಟಿದ್ದು ಯಾವಾಗ ಎಂಬ ಪ್ರಶ್ನೆಗಳು ಸಾಕು. ಹಿರಿಮಗನ ಶಾಲಾ ದಾಖಲೆ, ಹಳೆಯ ಪಡಿತರ ಚೀಟಿ, ಜಮೀನಿನ ವಾರಸಾ ಕಾಗದ ಇವನ್ನು ಪಕ್ಕದಲ್ಲಿಟ್ಟು ನೋಡಿದರೆ ತಾಯಿಯ ವಯಸ್ಸು ಎರಡು-ಮೂರು ವರ್ಷಗಳ ಅಂತರದೊಳಗೆ ಸಿಗುತ್ತದೆ. ಕಚೇರಿಗೆ ಇದು ಪೂರ್ಣ ಪುರಾವೆ ಆಗದಿದ್ದರೂ, ತಪ್ಪಾಗಿ ದಾಖಲಾದ ವಯಸ್ಸನ್ನು ತಿದ್ದಿಸಲು ಹೊರಟವರಿಗೆ ಹಿಡಿಯಲೊಂದು ಎಳೆ.

ಪದಗಳ ವಿಷಯಕ್ಕೆ ಬಂದರೆ, ವರದಿ ಮಾಡುವಾಗ ನೂರು ತುಂಬಿದ ದಿನಾಂಕವಿದ್ದರೆ ಅದನ್ನು ಹೇಳುವುದು, ಇಲ್ಲದಿದ್ದರೆ 'ಕುಟುಂಬದವರು ಹೇಳುವಂತೆ' ಎಂದು ಸೇರಿಸುವುದು 'ಸೆಂಟಿನೇರಿಯನ್' ಪದಕ್ಕೆ ಸಲ್ಲಿಸುವ ನ್ಯಾಯ. 'ಶತಾಯುಷಿ'ಗೆ ಆ ಕಟ್ಟು ಇಲ್ಲ. ಪಾಲಬಾವಿಯ ಹೊಸ್ತಿಲಲ್ಲಿ ಯಾರದೋ ಹೆಸರೆತ್ತುವಷ್ಟರಲ್ಲಿ ಅವರೇ ಒಳಗೆ ಬಂದರೆ, ಜನ್ಮದಾಖಲೆ ಕೇಳದೆಯೇ ಅವರಿಗೆ ನೂರು ವರ್ಷ ದೊರೆಯುತ್ತದೆ.